ಐವತ್ತಕ್ಕೆ ಹನ್ನೊಂದು

ನಮ್ಮ ನೀರು ಸರಬರಾಜು ಕಚೇರಿಗೆ ಹೊರಗಿನಿಂದ ಬರುವ ಕಾಗದವೆಲ್ಲ ಮೊದಲು ಬೀಳುವುದು ಟಪಾಲಪ್ಪನವರ ಮೇಜಿನ ಮೇಲೆ. ಅದಕ್ಕೆ ಆವಕ ಎನ್ನುತ್ತೇವೆ. ಕಚೇರಿಯಿಂದ ಹೊರಗೆ ಹೋಗುವ ಕಾಗದ ನನ್ನ ಮೇಜಿನಿಂದ ಹೋಗುತ್ತದೆ, ಅದು ಜಾವಕ. ಬರುವುದು ಬಹಳ, ಹೋಗುವುದು ಕಡಿಮೆ. ಹೀಗಾಗಿ ಪಕ್ಕದ ಮೇಜಿನಲ್ಲಿ ಏನಾಗುತ್ತಿದೆ ಎಂದು ನೋಡಲು ನನಗೆ ಬೇಕಾದಷ್ಟು ಪುರುಸೊತ್ತು. ಈ ಸಂಗತಿ ಹೇಳುವ ಅರ್ಹತೆ ನನಗೆ ಬಂದಿರುವುದು ಹಾಗೆ.

ಟಪಾಲಪ್ಪ ಎನ್ನುವುದು ಅವರ ಹೆಸರಲ್ಲ. ಇಪ್ಪತ್ತೆರಡು ವರ್ಷ ಟಪಾಲು ಒಡೆದು, ಮೊಹರು ಒತ್ತಿ, ಕ್ರಮಸಂಖ್ಯೆ ಬರೆದು ಗಳಿಸಿಕೊಂಡ ಬಿರುದು. ಸಹೋದ್ಯೋಗಿಯೊಬ್ಬರ ಮದುವೆ ಪತ್ರಿಕೆಗೂ ಕ್ರಮಸಂಖ್ಯೆ ಹಾಕಿ, ಮದುವೆ ಮುಗಿದ ಮಾರನೆಯ ದಿನ ‘ಆದೇಶಕ್ಕಾಗಿ’ ಎಂದು ಸಾಹೇಬರ ಮುಂದಿಟ್ಟ ಮನುಷ್ಯ. ಇಷ್ಟು ಅಚ್ಚುಕಟ್ಟಾದವರಿಗೆ ಬಡ್ತಿ ಮಾತ್ರ ಬರಲಿಲ್ಲ. ಪದವಿ ಇಲ್ಲದವರಿಗೆ ಬಡ್ತಿಯಿಲ್ಲ ಎಂದು ನಿಯಮ ಬದಲಾಯಿತು. ಅವರ ಕೈಕೆಳಗೆ ಕೆಲಸ ಕಲಿತವನೇ ಮೇಲೆ ಹೋಗಿ ನಮಗೆಲ್ಲ ಸಾಹೇಬನಾದ. ಅವತ್ತು ಮನೆಗೆ ಹೋದ ಟಪಾಲಪ್ಪ ಊಟ ಮಾಡದೆ ಕೂತಿದ್ದನ್ನು ನೋಡಿ, ಕನ್ನಡಕದ ಅಂಗಡಿಯಲ್ಲಿ ಕೆಲಸ ಮಾಡುವ ಅವರ ಹೆಂಡತಿ, ಸುಮ್ಮನೆ ಕೊರಗುವ ಬದಲು ಓದಬಾರದೇ ಎಂದರಂತೆ. ಹಾಗೆ ನಲವತ್ತೆಂಟನೆಯ ವಯಸ್ಸಿನಲ್ಲಿ ಅವರು ವಿಶ್ವವಿದ್ಯಾಲಯದ ಸಂಜೆ ತರಗತಿಗೆ ಸೇರಿದರು. ವಿಷಯ, ಸಾರ್ವಜನಿಕ ಆಡಳಿತ.

ಎರಡು ವರ್ಷ ಹೇಗೋ ದಾಟಿತು. ಕೊನೆಯ ವರ್ಷ ಒಬ್ಬ ಮೇಡಂ ಬಂದರು. ತಮ್ಮ ವಿಷಯಕ್ಕೆ ಲಿಖಿತ ಪರೀಕ್ಷೆಯೇ ಇಲ್ಲ ಅಂದರು. ಟಪಾಲಪ್ಪನಿಗೆ ಕುಣಿಯುವಷ್ಟು ಖುಷಿ. ಅದರ ಬದಲು ಪ್ರತಿಯೊಬ್ಬರೂ ಸಾಮಾಜಿಕ ಜಾಲದಲ್ಲಿ ಒಂದು ಪುಟ ತೆರೆದು, ವಾರವಾರ ಕಲಿತದ್ದನ್ನು ಬರೆದು, ಓದಿದವರ ಪ್ರತಿಕ್ರಿಯೆಗೆ ಉತ್ತರ ಕೊಡಬೇಕು. ಇದಕ್ಕೆ ಡಿಜಿಟಲ್ ಪೋರ್ಟ್‌ಫೋಲಿಯೊ ಎನ್ನುತ್ತಾರೆ. ಒಟ್ಟು ಐವತ್ತು ಅಂಕ, ಅದರಲ್ಲಿ ಇಪ್ಪತ್ತು ಬರೀ ಸಂವಾದಕ್ಕೆ ಅಂದರು. ಆರನೆಯ ವಾರ ತಾನು ಎಲ್ಲ ಪುಟ ನೋಡಿ, ಅಲ್ಲೇ ಎಲ್ಲರ ಎದುರಿಗೆ ಅಭಿಪ್ರಾಯ ಬರೆಯುವುದಾಗಿಯೂ ಹೇಳಿದರು. ಪುಟ ತೆರೆಯಲು ಬಾರದವರು ಯಾರಾದರೂ ಇದ್ದೀರಾ ಎಂದು ಕೇಳಿದಾಗ ತರಗತಿಯಲ್ಲಿ ಒಬ್ಬರೂ ಕೈ ಎತ್ತಲಿಲ್ಲ. ಎಲ್ಲ ಇಪ್ಪತ್ತರ ಹುಡುಗ ಹುಡುಗಿಯರು. ಅವರ ಮಧ್ಯೆ ತಾನೊಬ್ಬ ಹೇಗೆ ಎತ್ತುವುದು? ಟಪಾಲಪ್ಪ ಕೈಯನ್ನು ತೊಡೆಯ ಕೆಳಗೆ ಇಟ್ಟುಕೊಂಡು ಕೂತರು. ಅಷ್ಟಕ್ಕೇ ಬಿಟ್ಟಿದ್ದರೆ ಸರಿಯಿತ್ತು. ಪಕ್ಕದ ಹುಡುಗಿಗೆ, ನಮ್ಮ ಆಫೀಸಲ್ಲಿ ಇದೆಲ್ಲ ದಿನಾ ಇದ್ದದ್ದೇ ಎಂದೂ ಹೇಳಿದರು. ನಮ್ಮ ಆಫೀಸಿನಲ್ಲಿ ದಿನಾ ಇದ್ದದ್ದು ಜೇಡರ ಬಲೆ ಮಾತ್ರ ಎಂದು ನಾನು ಪ್ರಮಾಣ ಮಾಡಿ ಹೇಳಬಲ್ಲೆ.

ಮನೆಗೆ ಹೋಗಿ, ಪೋರ್ಟ್‌ಫೋಲಿಯೊ ಎನ್ನಲು ನಾಲಿಗೆ ಹೊರಳದೆ, ಇನ್ನು ಎರಡು ತಿಂಗಳು ನನಗೆ ಪೋಲಿಯೋದೇ ಕೆಲಸ ಅಂದರು. ಕಿವಿ ಮಂದವಾದ ಅತ್ತೆ ಒಳಗಿನಿಂದ, ಈ ವಯಸ್ಸಿನಲ್ಲಿ ಪೋಲಿ ಬೀಳೋದನ್ನ ಮನೆಗೆ ಬಂದು ಹೇಳ್ತಾರಲ್ಲ, ಓದಿದ್ದು ಹೆಚ್ಚಾಯ್ತು ಅಂದರು. ಅವರಿಗೆ ವಿಷಯ ಅರ್ಥ ಮಾಡಿಸುವಷ್ಟರಲ್ಲಿ ಟಪಾಲಪ್ಪನ ಅರ್ಧ ಜೀವ ಹೋಯಿತು. ಉಳಿದ ಅರ್ಧ ಪುಟ ತೆರೆಯುವುದರಲ್ಲಿ ಹೋಯಿತು.

ಅವರೇ ನನಗೆ ಹೇಳಿದ ಪ್ರಕಾರ ನಡೆದದ್ದು ಇಷ್ಟು. ಪುಟ ಯಾರದು ಎಂದು ಫೋನು ಕೇಳಿತು. ವ್ಯಕ್ತಿ, ಅಂಗಡಿ, ಕಲಾವಿದ, ಸರ್ಕಾರಿ ಕಚೇರಿ, ಇವುಗಳಲ್ಲಿ ಒಂದನ್ನು ಒತ್ತಬೇಕು. ಅವರು ಅಂಗಡಿಯಲ್ಲ, ಕಲಾವಿದರಂತೂ ಅಲ್ಲ. ವ್ಯಕ್ತಿ ಎನ್ನುವುದರ ಹತ್ತಿರ ಬೆರಳು ಹೋಗಿತ್ತಂತೆ. ಆದರೆ ಇಪ್ಪತ್ತೆರಡು ವರ್ಷ ಸರ್ಕಾರದ ಅನ್ನ ತಿಂದವನು ತಾನು ಬರೀ ವ್ಯಕ್ತಿ ಎಂದು ಹೇಳಿಕೊಂಡರೆ ಸುಳ್ಳು ಮಾಹಿತಿ ಕೊಟ್ಟಂತಾದೀತು ಎಂದು ಹೆದರಿ ನಾಲ್ಕನೆಯದನ್ನು ಒತ್ತಿದರು. ಆಮೇಲೆ ಹೆಸರು ಕೇಳಿತು. ಕಚೇರಿ ಅಂದಮೇಲೆ ಕಚೇರಿಯ ಹೆಸರು ತಾನೇ? ಬರೆದರು. ಚಿತ್ರ ಕೇಳಿತು. ತಮ್ಮ ಫೋಟೊ ನೋಡಿ ಹೆಂಡತಿ ನಕ್ಕಿದ್ದರಿಂದ, ನಮ್ಮ ಕಚೇರಿಯ ಮುಂಬಾಗಿಲು, ಮೇಲಿನ ಬೋರ್ಡು, ಎರಡೂ ಕಾಣುವ ಚಿತ್ರ ಹಾಕಿದರು.

ಮೊದಲ ವಾರದ ವಿಷಯ, ನಿಮ್ಮ ಸುತ್ತಲಿನ ಒಂದು ಸಮಸ್ಯೆಯ ಬಗ್ಗೆ ಬರೆದು ಓದುಗರ ಅನುಭವ ಕೇಳಿ, ಎಂದು. ಟಪಾಲಪ್ಪನಿಗೆ ಬರುತ್ತಿದ್ದ ಗದ್ಯ ಒಂದೇ ಬಗೆಯದು. ‘ಸಾರ್ವಜನಿಕರ ಗಮನಕ್ಕೆ’ ಎಂದು ಶುರುಮಾಡಿ, ‘ನೀರು ಸರಬರಾಜಿಗೆ ಸಂಬಂಧಿಸಿದ ತಮ್ಮ ಅನುಭವಗಳನ್ನು ಈ ಕೆಳಗೆ ನಮೂದಿಸತಕ್ಕದ್ದು’ ಎಂದು ಮುಗಿಸಿದರು.

ಎರಡು ದಿನ ಯಾರೂ ಏನೂ ನಮೂದಿಸಲಿಲ್ಲ. ಮೂರನೆಯ ದಿನ ಹೆಂಡತಿ ಪಾಪ ಅನ್ನಿಸಿ, ಚೆನ್ನಾಗಿದೆ ಎಂದು ಬರೆದರು. ಅದಕ್ಕೆ ಇವರು, ‘ತಮ್ಮ ಪತ್ರ ತಲುಪಿದೆ. ಕ್ರಮಸಂಖ್ಯೆ ಒಂದು. ಸೂಕ್ತ ಕ್ರಮ ಜರುಗಿಸಲಾಗುವುದು’ ಎಂದು ಉತ್ತರ ಕೊಟ್ಟರು. ಆಕೆ ಅಡುಗೆಮನೆಯಿಂದ ಹೊರಗೆ ಬಂದು, ಏನು ಕ್ರಮ ಜರುಗಿಸ್ತೀರಿ ಸ್ವಲ್ಪ ಹೇಳಿ ಎಂದು ಕೇಳಿದರಂತೆ.

ನಾಲ್ಕು ವಾರ ಬರೆದರೂ ಬಂದದ್ದು ಆ ಒಂದೇ ಪ್ರತಿಕ್ರಿಯೆ. ಅದಕ್ಕೆ ಇಪ್ಪತ್ತು ಅಂಕ ಯಾರು ಕೊಡುತ್ತಾರೆ? ಟಪಾಲಪ್ಪ ಭಾವಮೈದನ ಹತ್ತಿರ ಹೋದರು. ಅವನದು ಬಸ್ ನಿಲ್ದಾಣದ ಎದುರು ಸಲೂನು. ಅರ್ಧ ಊರಿನ ತಲೆ ಅವನ ಕೈಯಲ್ಲಿದೆ. ನಾಲ್ಕು ಜನಕ್ಕೆ ಹೇಳಪ್ಪ ಅಂದರು. ಅವನು, ಆಯ್ತು ಭಾವ, ನೀವು ನಿಶ್ಚಿಂತೆಯಿಂದ ಹೋಗಿ ಅಂದ. ಅವತ್ತಿನಿಂದ ಅವನ ಕುರ್ಚಿಯಲ್ಲಿ ಕೂತು ಮುಖಕ್ಕೆ ನೊರೆ ಹಚ್ಚಿಸಿಕೊಂಡವರೆಲ್ಲ ಏಳುವ ಮೊದಲು ಆ ಪುಟ ನೋಡಲೇಬೇಕಾಯಿತು. ಕತ್ತಿ ಹಿಡಿದವನು ಹೇಳಿದರೆ ಯಾರು ಇಲ್ಲ ಅಂತಾರೆ? ಅವನು ಅವರಿಗೆ ಹೇಳಿದ್ದಾದರೂ ಏನು? ನೀರಿನ ಆಫೀಸಿನೋರು ಹೊಸದಾಗಿ ಮಾಡಿದ್ದಾರೆ, ದೂರಿದ್ರೆ ಇಲ್ಲಿ ಬರೀರಿ, ನಮ್ಮ ಭಾವನೇ ನೋಡ್ಕೊಳ್ಳೋದು.

ಒಂದು ವಾರದಲ್ಲಿ ಮುನ್ನೂರ ನಲವತ್ತು ಜನ ಬರೆದರು. ಪೈಪು ಒಡೆದಿದೆ, ಮೀಟರು ನೀರಿಲ್ಲದಾಗಲೂ ತಿರುಗುತ್ತದೆ, ಮೂರನೆಯ ಅಡ್ಡರಸ್ತೆಯ ನಲ್ಲಿಯಲ್ಲಿ ಗಾಳಿ ಮಾತ್ರ ಬರುತ್ತದೆ. ಟಪಾಲಪ್ಪನ ಮುಖಕ್ಕೆ ಕಳೆ ಬಂತು. ಊಟದ ಬಿಡುವಿನಲ್ಲೂ ಫೋನು ಹಿಡಿದು ಒಬ್ಬೊಬ್ಬರಿಗೂ ಕ್ರಮಸಂಖ್ಯೆ ಹಾಕಿ ಉತ್ತರ ಕೊಡುತ್ತಿದ್ದರು. ಇಷ್ಟೊಂದು ಸಂವಾದ ಇಡೀ ತರಗತಿಯಲ್ಲಿ ಯಾರಿಗೂ ಬಂದಿಲ್ಲ, ಐವತ್ತಕ್ಕೆ ಐವತ್ತು ಕೊಡದೆ ಮೇಡಂಗೆ ಬೇರೆ ದಾರಿಯೇ ಇಲ್ಲ ಎಂದು ನನಗೆ ಹೇಳಿದರು. ಆ ಜನ ಉತ್ತರವನ್ನು ನಿಜವೆಂದು ನಂಬಿಯಾರು ಎಂಬ ಯೋಚನೆ ಅವರಿಗೂ ಬರಲಿಲ್ಲ, ನನಗೂ ಬರಲಿಲ್ಲ. ನಮ್ಮ ಕಚೇರಿಯ ಉತ್ತರವನ್ನು ಅಲ್ಲಿಯವರೆಗೆ ಯಾರೂ ನಂಬಿದ್ದು ನಮಗೆ ಗೊತ್ತಿರಲಿಲ್ಲ.

ಸೋಮವಾರ ಬೆಳಿಗ್ಗೆ ಬಾಗಿಲಲ್ಲಿ ಸಾಲು ನಿಂತಿತ್ತು. ಎಲ್ಲರ ಕೈಯಲ್ಲೂ ಒಂದೊಂದು ನಂಬರು. ನನ್ನದು ನಲವತ್ತೊಂದು ಅಂದ ಒಬ್ಬ. ನಲವತ್ತೆರಡರವರ ಮನೆ ಹತ್ತಿರ ನಿಮ್ಮ ಜನ ಓಡಾಡ್ತಿದ್ರು, ನಲವತ್ತೊಂದನ್ನ ಬಿಟ್ಟು ನಲವತ್ತೆರಡು ಹೇಗೆ ಎಂದು ಜಗಳ ತೆಗೆದ. ಆ ನಲವತ್ತೆರಡೂ ಸಾಲಿನಲ್ಲೇ ಇದ್ದ. ತನ್ನ ಮನೆಗೆ ನರಪಿಳ್ಳೆಯೂ ಬಂದಿಲ್ಲ ಎಂದು ಅವನು. ಸಾಹೇಬರು ಹೊರಗೆ ಬಂದು, ಯಾವ ರಿಜಿಸ್ಟರಿನ ನಂಬರು ಇದು ಎಂದು ಕೇಳಿದರು. ನೀರಿನ ಸಾಹೇಬರಿಗೇ ಗೊತ್ತಿಲ್ಲವಂತೆ ಎಂದು ಜನ ಒಬ್ಬರ ಮುಖ ಒಬ್ಬರು ನೋಡಿದರು.

ಸಾಲಿನ ಮುಂದಿದ್ದವರು ನಿವೃತ್ತ ಶಾಲಾ ಶಿಕ್ಷಕಿ. ಟಪಾಲಪ್ಪನ ಉತ್ತರವನ್ನು ಅಚ್ಚು ತೆಗೆಸಿ, ಮಡಿಸಿ, ಕೈಚೀಲದಲ್ಲಿ ಇಟ್ಟುಕೊಂಡು ಬಂದಿದ್ದರು. ಟಪಾಲಪ್ಪ ಕೈಮುಗಿದು, ಅಮ್ಮಾ, ಅದು ದೂರಿನ ಪುಟ ಅಲ್ಲ, ನನ್ನ ಓದಿನ ಪುಟ, ಅಂಕ ಬರಲಿ ಅಂತ ಮಾಡಿದ್ದು ಎಂದು ಸತ್ಯ ಹೇಳಿಬಿಟ್ಟರು. ಆಕೆ ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡು ಅವರನ್ನೇ ನೋಡಿದರು.

“ಹದಿನೇಳು ದಿನದಿಂದ ಎರಡು ಬೀದಿ ದಾಟಿ ನೀರು ಹೊರ್ತಿದ್ದೀನಪ್ಪ. ‘ಸೂಕ್ತ ಕ್ರಮ ಜರುಗಿಸಲಾಗುವುದು’ ಅಂತ ನೀನೇ ಬರೆದಿದ್ದೀಯ. ಅದನ್ನೂ ಅಂಕಕ್ಕೆ ಬರೆದಿದ್ದಾ?”

ಟಪಾಲಪ್ಪ ಆಕೆಯ ಕಾಗದ ಇಸಿದುಕೊಂಡರು. ಆಮೇಲೆ ಎದ್ದು ಹೋಗಿ, ಕೊಳಾಯಿ ಕೆಲಸದ ಇಬ್ಬರನ್ನು ಹಿಂದಿನ ಶೆಡ್ಡಿನಲ್ಲಿ ಹಿಡಿದು, ಬಾಯಿಗೆ ಬಂದದ್ದು ಹೇಳಿ, ಆ ಬೀದಿಗೆ ಕಳಿಸಿದರು. ವಾಲ್ವು ತುಕ್ಕು ಹಿಡಿದು ಕೂತಿತ್ತಂತೆ. ಮಧ್ಯಾಹ್ನಕ್ಕೆ ನೀರು ಬಂತು. ಸಂಜೆ ಆ ಶಿಕ್ಷಕಿ ಪುಟದ ಮೇಲೆ ಅದನ್ನೇ ಬರೆದರು. ಅಲ್ಲಿಗೆ ಉಳಿದವರಿಗೂ ಧೈರ್ಯ ಬಂತು. ಬುಧವಾರದ ಹೊತ್ತಿಗೆ ಸಾಲು ರಸ್ತೆ ದಾಟಿತು.

ಸಾಹೇಬರು ಟಪಾಲಪ್ಪನನ್ನು ಒಳಗೆ ಕರೆದು, ಆ ದರಿದ್ರ ಪುಟ ಈಗಲೇ ಮುಚ್ಚಬೇಕು ಎಂದು ಮೇಜು ಗುದ್ದಿದರು. ಇನ್ನೂ ಮೂರು ವಾರ ತೆರೆದಿರಬೇಕು ಸರ್, ಇಲ್ಲದಿದ್ದರೆ ಅನುತ್ತೀರ್ಣ ಎಂದು ಇವರು. ಸಾಹೇಬರು ಮೆಮೊ ಬರೆದು ಕೈಗೆ ಕೊಟ್ಟರು. ಟಪಾಲಪ್ಪ ಅದನ್ನು ತಂದು, ಮೊಹರು ಒತ್ತಿ, ಆವಕದಲ್ಲಿ ದಾಖಲಿಸಿ, ತನ್ನ ವಿವರಣೆಗಾಗಿ ತನ್ನ ಮುಂದೆಯೇ ಇಟ್ಟುಕೊಂಡು ಕೂತರು. ಕಣ್ಣಲ್ಲಿ ನೀರಿತ್ತು. ನಾನು ಚಹಾ ತರಿಸಿದೆ.

ಚಹಾ ಬರುವ ಮೊದಲೇ ಮೇಲಿನ ಕಚೇರಿಯಿಂದ ಪತ್ರ ಬಂತು. ಸಾರ್ವಜನಿಕರ ದೂರಿಗಾಗಿ ಸಾಮಾಜಿಕ ಜಾಲವನ್ನು ಮೊದಲು ಬಳಸಿದ ಕಚೇರಿ ನಿಮ್ಮದು, ಇದು ಎಲ್ಲರಿಗೂ ಮಾದರಿ, ಬರುವ ಶುಕ್ರವಾರ ನಿರ್ದೇಶಕರು ಖುದ್ದಾಗಿ ನೋಡಲು ಬರುತ್ತಾರೆ. ಸಾಹೇಬರು ಪತ್ರವನ್ನು ಎರಡು ಸಲ ಓದಿದರು. ಆಮೇಲೆ ಟಪಾಲಪ್ಪನ ಮೇಜಿಗೆ ತಾವೇ ಬಂದು ಮೆಮೊ ವಾಪಸು ತೆಗೆದುಕೊಂಡರು. ಪುಟ ಮುಚ್ಚೋದು ಬೇಡ, ಆ ಮುಂಬಾಗಿಲಿನ ಫೋಟೊ ಬದಲು ನನ್ನದು ಹಾಕಿ ಅಂದರು.

ಶುಕ್ರವಾರದವರೆಗೆ ನಮ್ಮ ಕಚೇರಿಯಲ್ಲಿ ನಡೆದಷ್ಟು ಕೆಲಸ ಅದರ ಹಿಂದಿನ ಐದು ವರ್ಷದಲ್ಲಿ ನಡೆದಿರಲಿಲ್ಲ. ಅರ್ಧಕ್ಕರ್ಧ ದೂರು ತೀರಿತು. ಜೇಡರ ಬಲೆ ತೆಗೆಸಿದರು. ಜೇಡಗಳೇ ಕಂಗಾಲಾದವು.

ನಿರ್ದೇಶಕರು ಬಂದರು. ಈ ಯೋಚನೆ ಹೇಗೆ ಹೊಳೆಯಿತು ಎಂದು ಕೇಳಿದರು. ಸಾಹೇಬರು ಕಾಲು ಗಂಟೆ ಮಾತಾಡಿದರು. ಅದರಲ್ಲಿ ಸ್ನಾನ ಮಾಡುವಾಗ ನಲ್ಲಿ ನಿಂತುಹೋದದ್ದು, ಆಗ ತಮಗೆ ಜನರ ಕಷ್ಟ ನೆನಪಾದದ್ದು, ಎಲ್ಲ ಬಂತು. ಟಪಾಲಪ್ಪನ ಹೆಸರೇ ಬರಲಿಲ್ಲ. ಸರಿ, ಪುಟ ತೋರಿಸಿ ಅಂದರು ನಿರ್ದೇಶಕರು. ಅದನ್ನು ಹುಡುಕಿ ತೆರೆಯಲು ಬರುತ್ತಿದ್ದದ್ದು ಒಬ್ಬರಿಗೇ. ಟಪಾಲಪ್ಪನನ್ನು ಕರೆಸಿದರು. ಅವರು ತೆರೆದು ಮುಂದಿಟ್ಟರು.

ಅವತ್ತಿಗೆ ಆರನೆಯ ವಾರ. ಎಲ್ಲಕ್ಕಿಂತ ಮೇಲೆ, ಹತ್ತು ನಿಮಿಷದ ಹಿಂದೆ ಒಬ್ಬ ಹೆಂಗಸು ಬರೆದದ್ದು ಇತ್ತು. ನಿರ್ದೇಶಕರು ಗಟ್ಟಿಯಾಗಿ ಓದಿದರು. “ತುಂಬಾ ನಿರಾಸೆಯಾಯಿತು. ಎಲ್ಲ ಒಣ ಒಣ. ಒಂದು ಹನಿಯೂ ಜೀವ ಇಲ್ಲ. ಐವತ್ತಕ್ಕೆ ಹನ್ನೊಂದು.”

ಟಪಾಲಪ್ಪ ಬಾಯಿ ತೆರೆದರು. ಸಾಹೇಬರು ಮೇಜಿನ ಕೆಳಗೆ ಅವರ ಕಾಲು ತುಳಿದರು. ಐವತ್ತಕ್ಕೆ ಹನ್ನೊಂದು ಅಂದರೇನು ಎಂದು ನಿರ್ದೇಶಕರು ಕೇಳಿದರು.

“ಐವತ್ತು ದೂರಿನಲ್ಲಿ ಹನ್ನೊಂದು ಮಾತ್ರ ಬಾಕಿ ಸರ್” ಅಂದರು ಸಾಹೇಬರು.

ಹಾಗಾದರೆ ಈ ಹೆಂಗಸಿನದು ಆ ಹನ್ನೊಂದರಲ್ಲಿ ಒಂದು ಅಂತಾಯಿತು, ಪಾಪ, ಒಂದು ಹನಿಯೂ ಇಲ್ಲ ಅಂತಾರೆ, ನೀವೇ ಅವರ ಮನೆಗೆ ಹೋಗಿ ಸರಿಮಾಡಿ, ತೃಪ್ತಿಯಾಗಿದೆ ಎಂದು ಅವರಿಂದ ಇಲ್ಲೇ ಬರೆಸಿ, ಸೋಮವಾರ ನನಗೆ ವರದಿ ಕೊಡಿ, ಎಂದು ಹೇಳಿ ನಿರ್ದೇಶಕರು ಹೊರಟುಹೋದರು.

ಅವರ ಕಾರು ತಿರುವು ದಾಟಿದ ಮೇಲೆ ಟಪಾಲಪ್ಪ, ಅದು ನಮ್ಮ ಮೇಡಂ ಸರ್, ಅದು ನನ್ನ ಅಂಕ ಅಂದರು. ಸಾಹೇಬರು ತಲೆಯ ಮೇಲೆ ಕೈ ಹೊತ್ತು ಕೂತರು. ನಿರ್ದೇಶಕರಿಗೆ ಹೇಳಿದ್ದನ್ನು ಹಿಂತೆಗೆದುಕೊಳ್ಳುವ ಹಾಗಿಲ್ಲ. ಉಳಿದದ್ದು ಒಂದೇ ದಾರಿ, ಮೇಡಂ ಕೈಯಲ್ಲಿ ತೃಪ್ತಿ ಬರೆಸುವುದು. ನಾನೂ ಬರ್ತೀನಿ ಎಂದು ಟಪಾಲಪ್ಪ ಅಂಗಲಾಚಿದರೂ ಕೇಳದೆ, ನೀವು ಮಾಡಿದ್ದು ಸಾಕು ಎಂದು ಬೈದು, ಸಾಹೇಬರು ಶನಿವಾರ ಬೆಳಿಗ್ಗೆ ಜೀಪು ಹತ್ತಿ ಹೊರಟರು. ಸರ್ಕಾರಿ ಕೆಲಸಕ್ಕೆ ಹೋದಂತೆ ಕಾಣಲಿ ಎಂದು ಕೊಳಾಯಿ ಕೆಲಸದ ಇಬ್ಬರನ್ನೂ ಕರೆದುಕೊಂಡರು.

ಈಗ ಮೇಡಂ ಕಡೆಯಿಂದ ನೋಡಿ. ಬೆಳಿಗ್ಗೆ ಬಾಗಿಲು ತೆಗೆದರೆ, ಎದುರಿಗೆ ತಮ್ಮ ವಿದ್ಯಾರ್ಥಿಯ ಮೇಲಧಿಕಾರಿ. ಹಿಂದೆ ಇಬ್ಬರು ದಾಂಡಿಗರು, ಒಬ್ಬನ ಕೈಯಲ್ಲಿ ಎರಡಡಿ ಉದ್ದದ ಸ್ಪ್ಯಾನರು. ಸಾಹೇಬರು ನಗುತ್ತಾ, ನೀವು ಬರೆದ ಹನ್ನೊಂದರ ವಿಷಯ ಮಾತಾಡೋಣ ಅಂತ ಬಂದೆ ಅಂದರು. ನಮ್ಮ ಹುಡುಗರು ಹೊರಗೇ ಇರ್ತಾರೆ, ನಿಮಗೆ ತೃಪ್ತಿಯಾಗೋವರೆಗೂ ಹೋಗಲ್ಲ ಎಂದೂ ಸೇರಿಸಿದರು. ಮೇಡಂ ಬಾಗಿಲು ಹಾಕಿಕೊಂಡು ಕುಲಸಚಿವರಿಗೆ ಫೋನು ಮಾಡಿದರು.

ಸೋಮವಾರ ‘ಸೂಕ್ತ ಕ್ರಮ ಜರುಗಿಸಲಾಗುತ್ತಿದೆ’ ಎಂಬ ಒಂದು ಸಾಲಿನ ವರದಿ ನನ್ನ ಮೇಜಿನಿಂದ ನಿರ್ದೇಶಕರಿಗೆ ಹೋಯಿತು. ಮಂಗಳವಾರ ಟಪಾಲಪ್ಪನನ್ನು ವಿಶ್ವವಿದ್ಯಾಲಯದ ಶಿಸ್ತು ಸಮಿತಿ ಕರೆಸಿತು. ಪರೀಕ್ಷಕರನ್ನು ಬೆದರಿಸಿದ ಆರೋಪ. ಸಾಬೀತಾದರೆ ಮೂರು ವರ್ಷದ ಓದು ನೀರಿನಲ್ಲಿ ಹೋಮ. ಅವರ ಹೆಂಡತಿ ಅಂಗಡಿಗೆ ರಜೆ ಹಾಕಿ ಜೊತೆಗೆ ಹೋಗಿ ಹೊರಗಿನ ಬೆಂಚಿನಲ್ಲಿ ಕೂತರು. ಒಳಗೆ ಮೂವರು ಹಿರಿಯರು, ಪಕ್ಕದಲ್ಲಿ ಮೇಡಂ. ಟಪಾಲಪ್ಪ ಮೊದಲಿನಿಂದ ಕೊನೆಯವರೆಗೆ ಎಲ್ಲ ಹೇಳಿದರು. ಯಾರೂ ನಂಬಿದಂತೆ ಕಾಣಲಿಲ್ಲ. ಅಧ್ಯಕ್ಷರು ಕನ್ನಡಕ ಮೂಗಿನ ತುದಿಗೆ ಎಳೆದು ಪುಟವನ್ನು ಮೇಲಿನಿಂದ ಕೆಳಗೆ ಸರಿಸುತ್ತಾ ಹೋದರು. ಒಂದು ಕಡೆ ನಿಲ್ಲಿಸಿದರು.

“ನೂರ ಹದಿನೆಂಟು ಏನಾಯ್ತು?” ಅಂದರು.

ಟಪಾಲಪ್ಪ ತಕ್ಷಣ, ಮೀಟರಿನ ಒಳಗೆ ಕಲ್ಲು ಸಿಕ್ಕಿಕೊಂಡಿತ್ತು, ಗುರುವಾರ ಮೀಟರು ಬದಲಾಯಿಸಿದ್ದಾರೆ, ಆದರೆ ಮನೆಯೋರು ಬಾಗಿಲು ತೆಗೆಯೋಕೆ ಅರ್ಧ ಗಂಟೆ ಮಾಡಿದರಂತೆ ಅಂದರು.

“ಸ್ನಾನಕ್ಕೆ ಹೋಗಿದ್ದೆ” ಅಂದರು ಅಧ್ಯಕ್ಷರು.

ಮೇಡಂ ಅಧ್ಯಕ್ಷರ ಕಡೆ ನೋಡಿದರು. ಅಧ್ಯಕ್ಷರು ಫೋನು ಕೆಳಗಿಟ್ಟರು. ಬೆದರಿಕೆಯಲ್ಲ, ಬರೀ ಗೊಂದಲ ಎಂದು ತೀರ್ಮಾನವಾಯಿತು. ಆದರೆ ಮೇಡಂ ಹನ್ನೊಂದನ್ನು ಹನ್ನೆರಡು ಮಾಡಲೂ ಒಪ್ಪಲಿಲ್ಲ. ಆರುನೂರು ಉತ್ತರದಲ್ಲಿ ಒಂದು ಕಡೆಯೂ ‘ನಾನು’ ಎಂಬ ಪದವಿಲ್ಲ, ಯಾರು ಕಲಿತರು, ಏನು ಕಲಿತರು ಎಂದು ಗೊತ್ತಾಗುವುದು ಹೇಗೆ ಎಂದು ಕೇಳಿದರು. ಹತ್ತು ದಿನದಲ್ಲಿ ಹೊಸ ಪುಟ ತೆರೆದು, ನಡೆದದ್ದನ್ನು ಸ್ವಂತ ಮಾತಿನಲ್ಲಿ ಬರೆಯಬೇಕು, ಇಲ್ಲದಿದ್ದರೆ ಅನುತ್ತೀರ್ಣ ಅಂದರು.

ಆ ಹತ್ತು ದಿನ ಟಪಾಲಪ್ಪ ಪಟ್ಟ ಪಾಡು ಶತ್ರುವಿಗೂ ಬೇಡ. ‘ನಾನು’ ಎಂದು ಬರೆಯುವುದು, ‘ಸದರಿ ನೌಕರನು’ ಎಂದು ತಿದ್ದುವುದು, ಎಲ್ಲ ಹೊಡೆದುಹಾಕುವುದು. ಎಂಟನೆಯ ಸಂಜೆ ಅವರು ಕಚೇರಿಯಿಂದ ಹೋಗಿ, ಚಪ್ಪಲಿ ಬಿಡುತ್ತಲೇ ಎಂದಿನಂತೆ ಗೊಣಗಲು ಶುರುಮಾಡಿದರು. ಆ ಸಾಹೇಬ ಸ್ನಾನದ ಕತೆ ಕಟ್ಟಿ ಹೇಳಿದ್ದು, ಕಾಲು ತುಳಿದದ್ದು, ನಲವತ್ತೊಂದರವನು ದಿನಾ ಫೋನು ಮಾಡಿ ಪ್ರಾಣ ತಿನ್ನುವುದು, ಆ ಶಿಕ್ಷಕಿ ಕನ್ನಡಕ ಒರೆಸಿ ನೋಡಿದಾಗ ಭೂಮಿ ಬಾಯಿಬಿಡಬಾರದೇ ಅನ್ನಿಸಿದ್ದು. ಹೆಂಡತಿ ಫೋನಿನಲ್ಲಿ ಏನೋ ಬರೆದುಕೊಳ್ಳುತ್ತಿದ್ದರು. ಮುಗಿದ ಮೇಲೆ ಓದಿ ಹೇಳಿದರು. ಇದನ್ನೇ ಕಳಿಸ್ರೀ, ಇದಕ್ಕಿಂತ ಸ್ವಂತ ಮಾತು ನಿಮ್ಮ ಹತ್ತಿರ ಎಲ್ಲಿದೆ ಅಂದರು. ಟಪಾಲಪ್ಪ ಹೌಹಾರಿದರು. ಆಮೇಲೆ ಎರಡು ಕಾಗುಣಿತ ತಿದ್ದಿ, ಕಣ್ಣು ಮುಚ್ಚಿ, ಕಳಿಸಿದರು. ಹೀಗೆ ಬರೆದುಕೊಂಡಿದ್ದು ಹೆಂಡತಿ ಎಂದು ಕೊನೆಯಲ್ಲಿ ನಮೂದಿಸಿಯೂ ಇದ್ದರು.

ಮೇಡಂ ಐವತ್ತಕ್ಕೆ ನಲವತ್ತೊಂದು ಕೊಟ್ಟರು. ಓದಿ ಎಷ್ಟು ನಕ್ಕರೋ, ಇದು ಈ ವರ್ಷದ ಅತ್ಯುತ್ತಮ ಪುಟ ಎಂದು ಇಡೀ ವಿಶ್ವವಿದ್ಯಾಲಯಕ್ಕೆ ಹಂಚಿಬಿಟ್ಟರು. ಅಲ್ಲಿಂದ ಊರಿಗೆ ಹಂಚಿದ ಕೆಲಸ ಸಲೂನಿನದು.

ಮಾರನೆಯ ದಿನ ಹನ್ನೊಂದು ಗಂಟೆಗೆ ಸಾಹೇಬರು ಫೋನು ಹಿಡಿದು ಕೋಣೆಯಿಂದ ಹೊರಗೆ ಬಂದರು. ಟಪಾಲಪ್ಪನ ಮೇಜಿನ ಮುಂದೆ ನಿಂತರು. ನಾವೆಲ್ಲ ಕಡತದೊಳಗೆ ತಲೆ ಹಾಕಿ ಕಿವಿ ಹೊರಗಿಟ್ಟೆವು.

“ಎಲ್ಲ ಬರೆದುಬಿಟ್ಟಿದ್ದೀರಿ” ಅಂದರು.

“ಹೌದು ಸರ್.”

“ನಮ್ಮ ಮನೆಯವರೂ ಓದಿದರು.”

ಇನ್ನೇನು ಎರಡನೆಯ ಮೆಮೊ ಬರುತ್ತದೆ ಎಂದು ನಾನು ಕಾದೆ. ಸಾಹೇಬರು ಸುತ್ತ ನೋಡಿ, ಬಗ್ಗಿ, ದನಿ ತಗ್ಗಿಸಿದರು. ಅವರ ಮುಂದಿನ ಬಡ್ತಿಗೆ ಎಂ.ಎ. ಬೇಕಂತೆ. ಯಾರಿಗೂ ಹೇಳದೆ ಅದೇ ವಿಶ್ವವಿದ್ಯಾಲಯಕ್ಕೆ ಸೇರಿದ್ದರಂತೆ. ಅಲ್ಲೂ ಇಂಥದ್ದೇ ಪುಟ ಮಾಡಬೇಕಂತೆ, ಇವತ್ತಿಗೆ ನಾಲ್ಕು ವಾರವಾದರೂ ಒಂದು ಸಾಲು ಬರೆಯಲಾಗಿಲ್ಲವಂತೆ. ನೀವು ಸ್ವಲ್ಪ ಬರೆದುಕೊಡ್ತೀರಾ ಎಂದು ಕೇಳಿದರು.

ನನಗೂ ಬರೆಯೋಕೆ ಬರಲ್ಲ ಸರ್ ಅಂದರು ಟಪಾಲಪ್ಪ. ಸಂಜೆ ಮನೆಗೆ ಹೋಗಿ ದಿನದ ಕಷ್ಟ ಹೇಳಿಕೊಳ್ಳಿ, ಮನೆಯವರು ಕೇಳಿಸಿಕೊಂಡು ಬರೆದುಕೊಳ್ಳಲಿ, ಅಷ್ಟೇ ಇರೋದು.

ಸಾಹೇಬರು ಫೋನನ್ನು ಜೇಬಿಗೆ ಹಾಕಿಕೊಂಡರು.

“ನಮ್ಮನೇಲಿ ನನ್ನ ಮಾತು ಯಾರೂ ಕೇಳಲ್ಲ ಕಣ್ರೀ” ಅಂದರು.

ಟಪಾಲಪ್ಪ ನನ್ನ ಕಡೆ ಒಂದು ಸಲ ನೋಡಿದರು. ಆಮೇಲೆ ಅವತ್ತಿನ ಟಪಾಲನ್ನೆಲ್ಲ ಒಡೆಯದೆ ಪಕ್ಕಕ್ಕೆ ಸರಿಸಿ, ಒಂದು ಸ್ಟೂಲು ಎಳೆದು ಹಾಕಿ, ಪೆನ್ನಿನ ಮುಚ್ಚಳ ತೆಗೆದರು.

“ಕೂತ್ಕೊಳ್ಳಿ ಸರ್. ನಿಧಾನವಾಗಿ ಹೇಳಿ.”